ರೋಮ್‌ನಿಂದ ಚಿವಿತಾ ದಿ ಬಾನ್ಯೊರೆಜೊ ಒಂದೇ ದಿನದಲ್ಲಿ ಹೋಗಿ ಬರಬಹುದಾ? ಜೊತೆಗೆ ಅಮ್ಮ, ಮಂಡಿನೋವು

ಬೆಟ್ಟದೂರು_ಹುಚ್ಚ:

ಎಲ್ರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ಅಪ್ಪ ಅಮ್ಮನ್ನ ಕರ್ಕೊಂಡು ಇಟಲಿಗೆ ಹೋಗ್ತಿದೀನಿ, ರೋಮಲ್ಲಿ ಐದು ರಾತ್ರಿ ಇರ್ತೀವಿ. ಅದ್ರಲ್ಲಿ ಒಂದು ದಿನ ಸಿಟಿ ಗಲಾಟೆ ಬಿಟ್ಟು ಹೊರಗೆ ಎಲ್ಲಾದ್ರೂ ಹೋಗೋಣ ಅಂತ ನೋಡ್ತಿದ್ದಾಗ ಈ ಚಿವಿತಾ ದಿ ಬಾನ್ಯೊರೆಜೊ ಫೋಟೋ ಕಣ್ಣಿಗೆ ಬಿತ್ತು. ಒಂದು ಗುಡ್ಡದ ತುದೀಲಿ ಮುದ್ದೆ ಇಟ್ಟ ಹಾಗೆ ಕೂತಿರೋ ಊರು, ಸುತ್ತ ಕಣಿವೆ, ಊರೊಳಗೆ ಹೋಗೋಕೆ ಒಂದೇ ಒಂದು ಉದ್ದದ ಸೇತುವೆ. ಅವತ್ತಿಂದ ತಲೇಲಿ ಅದೇ ಓಡ್ತಿದೆ.

ನನ್ನ ಪ್ಲಾನ್ ಹೀಗಿದೆ, ಬೈಯೋದಾದ್ರೆ ಬೈರಿ. ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ರೋಮಾ ತೆರ್ಮಿನಿಯಿಂದ ಟ್ರೈನ್ ಹಿಡಿದು ಓರ್ವಿಯೆಟೊ, ಅಲ್ಲಿ ಆ ದೊಡ್ಡ ಕೆಥೆಡ್ರಲ್ಲು ಮತ್ತೆ ಆಳದ ಬಾವಿ ನೋಡಿ ಊಟ ಮುಗಿಸಿ, ಎರಡು ಗಂಟೆ ಹೊತ್ತಿಗೆ ಬಸ್ಸಲ್ಲಿ ಬಾನ್ಯೊರೆಜೊ, ಚಿವಿತಾದಲ್ಲಿ ಸೂರ್ಯಾಸ್ತ ನೋಡ್ಕೊಂಡು ವಾಪಸ್ ಬಸ್ಸು, ರಾತ್ರಿ ಟ್ರೈನಲ್ಲಿ ರೋಮ್. ಅಮ್ಮನಿಗೆ 64, ಮಂಡಿನೋವು ಇದೆ, ಸಮತಟ್ಟು ಜಾಗದಲ್ಲಿ ಎಷ್ಟ್ ಬೇಕಾದ್ರೂ ನಡೀತಾರೆ ಆದ್ರೆ ಏರು ಬಂದ್ರೆ ನಿಂತ್ ನಿಂತ್ ಹೋಗ್ಬೇಕು. ಅಪ್ಪಂಗೆ ಏನೂ ತೊಂದ್ರೆ ಇಲ್ಲ, ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ರೆ ಸಾಕು. ಇಬ್ರೂ ಪಕ್ಕಾ ಸಸ್ಯಾಹಾರಿ. ಹೋಗಿ ಬಂದವ್ರು ಯಾರಾದ್ರೂ ಇದ್ರೆ ಹೇಳಿ, ಇದು ಆಗೋ ಮಾತಾ?

ಚೀಲ_ಹೆಗಲಮ್ಯಾಲೆ:

ಭಾನುವಾರ ಅಂತ ಓದಿದ್ ಕೂಡ್ಲೇ ಓಡಿ ಬಂದೀನ್ರಿ ಬರಿಲಿಕ್ಕೆ. ಓರ್ವಿಯೆಟೊದಿಂದ ಬಾನ್ಯೊರೆಜೊಕ್ಕ ಹೋಗೋ ಬಸ್ಸು ಕೊಟ್ರಾಲ್ ಕಂಪನಿದು, ಅದು ಭಾನುವಾರ ಮತ್ತ ಹಬ್ಬದ ದಿನ ಓಡಂಗಿಲ್ಲ. ನಿಮ್ಮ ಪ್ಲಾನ್ ಅಲ್ಲೇ ಮುಗೀತು ನೋಡ್ರಿ. ಮೊದಲು ದಿನ ಬದಲಿ ಮಾಡ್ರಿ.

ಎರಡನೇದು, ನೀವು ಊರುಗಳನ್ನ ತಿರುವು ಮುರುವು ಇಟ್ಟೀರಿ. ಓರ್ವಿಯೆಟೊದಿಂದ ರೋಮಿಗೆ ಟ್ರೈನ್ ರಾತ್ರಿತನಕ ಇರ್ತಾವ, ಆದ್ರ ಬಾನ್ಯೊರೆಜೊದಿಂದ ಓರ್ವಿಯೆಟೊಕ್ಕ ಬಸ್ಸು ದಿನಕ್ಕ ಬೆರಳೆಣಿಕಿ ಅಷ್ಟೇ, ಅದೂ ಶಾಲಿ ಮಕ್ಕಳ ಟೈಮಿಗೆ ಹೊಂದಿಸಿದ್ದು, ನಡುವೆ ತಾಸುಗಟ್ಟಲೆ ಖಾಲಿ. ಹಿಂಗಾಗಿ ದೂರದ್ದು ಮೊದಲು ಮುಗಿಸ್ರಿ. ಬೆಳಿಗ್ಗೆ ಟ್ರೈನ್ ಇಳಿದು ಸೀದಾ ಬಸ್ಸು, ಮುಕ್ಕಾಲು ತಾಸಿನ ಮ್ಯಾಲೆ ಸ್ವಲ್ಪ ಹಿಡೀತದ, ಚಿವಿತಾ ನೋಡಿ ಮಧ್ಯಾಹ್ನದ ಬಸ್ಸಿಗೆ ಓರ್ವಿಯೆಟೊಕ್ಕ ಬರ್ರಿ. ಸಂಜಿ ಓರ್ವಿಯೆಟೊದಾಗ ಅಡ್ಡಾಡ್ರಿ, ಟ್ರೈನ್ ತಪ್ಪಿದ್ರೂ ಇನ್ನೊಂದು ಬರ್ತದ.

ಇದನ್ನ ಪುಸ್ತಕ ಓದಿ ಹೇಳಾಕತ್ತಿಲ್ಲ ಮತ್ತ. ನಾವು ಮೂರು ವರ್ಷದ ಹಿಂದ ನಿಮ್ಮಂಗೇ ಸೂರ್ಯಾಸ್ತದ ಆಸೆ ಮಾಡಿ ಹೋದ್ವಿ. ಕೊನೇ ಬಸ್ಸು ನಾವು ಅಂದ್ಕೊಂಡಿದ್ದಕ್ಕಿಂತ ಎಷ್ಟೋ ಮೊದಲೇ ಹೋಗಿಬಿಟ್ಟಿತ್ತು, ನಾನು ಟೈಮ್‌ಟೇಬಲ್‌ದಾಗ ಶಾಲಿ ಇರೋ ದಿನದ ಕಾಲಮ್ಮು ನೋಡಿದ್ದೆ, ಅವತ್ತು ಶಾಲಿ ರಜಾ ಇತ್ತು. ತಪ್ಪು ನಂದೇ. ಬಾರ್ ಒಂದರಾಗ ಕಾಫಿ ಕುಡಕೋತ ಕೂತು, ಅಲ್ಲಿಯ ಮುದುಕ ಯಾರಿಗೋ ಫೋನ್ ಹಚ್ಚಿ ಕಾರು ಕರಸಿದ, ಎಷ್ಟು ಕೊಟ್ವಿ ಅನ್ನೋದನ್ನ ಇವತ್ತಿಗೂ ಮನಿಯಾಗ ಹೇಳಿಲ್ಲ. ಟೈಮ್‌ಟೇಬಲ್‌ದಾಗ "ಫೆರಿಯಾಲೆ" ಅಂದ್ರ ಸೋಮವಾರದಿಂದ ಶನಿವಾರ, "ಫೆಸ್ಟಿವೋ" ಅಂದ್ರ ಭಾನುವಾರ ಮತ್ತ ಹಬ್ಬ, "ಸ್ಕೊಲಾಸ್ತಿಕೊ" ಅಂದ್ರ ಶಾಲಿ ನಡಿಯೋ ದಿನ. ಈ ಮೂರು ಪದ ಬಾಯಿಪಾಠ ಮಾಡ್ಕೋರಿ, ಬಾಕಿ ಇಟಾಲಿಯನ್ ಬರದಿದ್ರೂ ನಡೀತದ.

ಮತ್ತ ಬಸ್ ಟಿಕೆಟ್ ಹೋಗೋದು ಬರೋದು ಎರಡೂ ಮೊದಲೇ ತಗೊಂಡ್ ಇಟ್ಕೋರಿ. ತಬಾಕ್ಕಿ ಅಂತ ಟೀ ಅಕ್ಷರದ ಬೋರ್ಡ್ ಇರೋ ಅಂಗಡಿ ಇರ್ತಾವಲ್ಲ, ಅಲ್ಲಿ ಸಿಗ್ತದ.

ನಿಧಾನವೇ_ಪ್ರಯಾಣ:

ಮೇಲಿನವರು ಬಸ್ಸಿನ ವಿಷ್ಯ ಎಲ್ಲಾ ಹೇಳಿಬಿಟ್ರು, ನಾನು ಅಮ್ಮನ ಮಂಡಿ ಬಗ್ಗೆ ಮಾತ್ರ ಹೇಳ್ತೀನಿ ಯಾಕಂದ್ರೆ ನಾನೂ ನಮ್ಮತ್ತೆನ ಕರ್ಕೊಂಡು ಹೋಗಿದ್ದೆ.

ಬಸ್ಸು ನಿಲ್ಲೋದು ಬಾನ್ಯೊರೆಜೊ ಅನ್ನೋ ಹೊಸ ಊರಲ್ಲಿ. (ಹೊಸದು ಅಂದ್ರೆ ಅದೂ ನೂರಾರು ವರ್ಷದ್ದೇ, ಇಟಲೀಲಿ ಎಲ್ಲಾ ಹಾಗೇ.) ಅಲ್ಲಿಂದ ಸೇತುವೆ ಶುರುವಾಗೋ ಜಾಗಕ್ಕೆ ಊರ ಮುಖ್ಯ ರಸ್ತೇಲಿ ಆರಾಮಾಗಿ ನಡೆದ್ರೆ ಅರ್ಧ ಗಂಟೆ, ಹೆಚ್ಚು ಕಡಿಮೆ ಸಮತಟ್ಟು, ಸೀಸನ್ನಲ್ಲಿ ಚಿಕ್ಕ ಶಟಲ್ ಬಸ್ಸೂ ಓಡುತ್ತೆ. ಆ ರಸ್ತೆಯ ತುದೀಲಿ ಒಂದು ಬೆಲ್ವೆದೆರೆ ಇದೆ, ಅಂದ್ರೆ ನೋಟ ನೋಡೋ ಕಟ್ಟೆ. ನೀವು ಫೋಟೋದಲ್ಲಿ ನೋಡಿದ ದೃಶ್ಯ ಸಿಗೋದು ಅಲ್ಲಿಂದಾನೇ, ಊರೊಳಗೆ ಹೋದ್ಮೇಲೆ ಆ ಊರು ಹಾಗೆ ಕಾಣೋದೇ ಇಲ್ವಲ್ಲ! ಇದಕ್ಕೆ ದುಡ್ಡೂ ಇಲ್ಲ.

ಸೇತುವೆ ಸುಮಾರು 300 ಮೀಟರ್, ಕಾಲ್ನಡಿಗೆ ಮಾತ್ರ. ಶುರುವಿನಲ್ಲಿ ಆರಾಮು, ಕೊನೇ ಭಾಗ ಊರಿನ ಬಾಗಿಲ ಹತ್ರ ಹೋಗ್ತಾ ಹೋಗ್ತಾ ಚೆನ್ನಾಗೇ ಏರು. ಮೆಟ್ಟಿಲಲ್ಲ, ಇಳಿಜಾರು, ಪಕ್ಕದಲ್ಲಿ ಕಂಬಿ ಇದೆ ಹಿಡ್ಕೋಬಹುದು. ನಮ್ಮತ್ತೆ ನಾಲ್ಕು ಸಲ ನಿಂತು ಇಪ್ಪತ್ತೈದು ನಿಮಿಷದಲ್ಲಿ ಹತ್ತಿದ್ರು, ಹತ್ತಿ ಆದ್ಮೇಲೆ ನಮಗೇ ಬುದ್ಧಿ ಹೇಳಿದ್ರು. ನಿಜ ಹೇಳ್ಬೇಕಂದ್ರೆ ಕಷ್ಟ ಆಗಿದ್ದು ಇಳಿಯೋವಾಗ, ಮಂಡಿನೋವಿರೋರಿಗೆ ಇಳಿಯೋದೇ ನೋವು ಜಾಸ್ತಿ ಅನ್ನೋದು ಅವತ್ತು ಗೊತ್ತಾಯ್ತು. ಒಂದು ಮಡಚೋ ಊರುಗೋಲು ತಗೊಂಡ್ ಹೋಗಿ. ಗಾಳಿ ಬೇರೆ ಜೋರಾಗಿ ಬೀಸುತ್ತೆ, ಟೋಪಿ ಹಾರೋಗುತ್ತೆ, ದುಪ್ಪಟ್ಟಾ ಸೆರಗು ಎಲ್ಲಾ ಸಿಗಿಸ್ಕೊಳ್ಳಿ.

ಒಳಗೆ ಹೋಗೋಕೆ 5 ಯೂರೋ ಟಿಕೆಟ್. ಊರೊಳಗೆ ಹೋಗೋಕೆ ದುಡ್ಡು ಕೇಳೋದಾ ಅಂತ ನಮ್ಮವರು ಸಿಟ್ಟಾದ್ರು, 2013ರಲ್ಲಿ ಶುರು ಮಾಡಿದಾಗ ಒಂದೂವರೆ ಯೂರೋ ಇತ್ತಂತೆ. ಆದ್ರೆ ಒಳಗೆ ನೆಲೆಸಿರೋರು ಹತ್ತು ಹನ್ನೆರಡು ಜನ ಇದ್ದಾರೋ ಇಲ್ವೋ, ಕಾಲಡಿ ಗುಡ್ಡಾನೇ ಕರಗ್ತಿರೋವಾಗ ಸೇತುವೆ ರಿಪೇರಿಗೆ ಯಾರು ಕೊಡ್ಬೇಕು ಹೇಳಿ, ನಂಗಂತೂ ಅದು ಜಾಸ್ತಿ ಅನ್ನಿಸ್ಲಿಲ್ಲ.

ಊಟಕ್ಕೆ ಬ್ರುಸ್ಕೆತ್ತಾ ಸಿಗುತ್ತೆ, ಬ್ರೆಡ್ಡನ್ನ ಕೆಂಡದ ಮೇಲೆ ಸುಟ್ಟು ಆಲಿವ್ ಎಣ್ಣೆ, ಬೆಳ್ಳುಳ್ಳಿ, ಟೊಮೇಟೊ. ಅಪ್ಪಂಗೆ ಅದು ಊಟ ಅನ್ನಿಸೋದು ಡೌಟು, ಪಾಸ್ತಾನೂ ಕೇಳಿ. ಮಾಂಸ ಬೇಡ ಅನ್ನೋಕೆ "ಸೆಂಜಾ ಕಾರ್ನೆ", ಆದ್ರೆ ಅಷ್ಟೇ ಹೇಳಿದ್ರೆ ಸಾರಲ್ಲಿ ಹಂದಿ ಚೂರು ಇದ್ರೂ ಇರುತ್ತೆ, ಅದಕ್ಕೆ "ಸೋನೊ ವೆಜೆತರಿಯಾನೊ" ಅಂತಾನೂ ಸೇರಿಸಿ.

ಖಡಕ್_ಕಾಫಿ:

ಬೇಜಾರಾಗ್ಬೇಡಿ, ನಾನು ಉಲ್ಟಾ ಹೊಡೀತೀನಿ. ಚಿವಿತಾ ಬಿಟ್ಬಿಡಿ, ಓರ್ವಿಯೆಟೊ ಒಂದೇ ಸಾಕು. ಅದೂ ಬಂಡೆ ತಲೆ ಮೇಲಿರೋ ಮಧ್ಯಯುಗದ ಊರೇ ತಾನೇ? ರೋಮಿಂದ ಟ್ರೈನಲ್ಲಿ ಒಂದೂಕಾಲು ಗಂಟೆ ಅಷ್ಟೇ, ಸ್ಟೇಷನ್ ಎದುರಿಗೇ ಫ್ಯೂನಿಕುಲರ್, ಹಗ್ಗ ಎಳೆಯೋ ರೈಲು, ಕೂತ್ರೆ ಎರಡು ಮೂರು ನಿಮಿಷದಲ್ಲಿ ಗುಡ್ಡದ ಮೇಲೆ. ಮಂಡಿಗೆ ಒಂಚೂರೂ ಕೆಲಸ ಇಲ್ಲ. 1290ರಲ್ಲಿ ಕಟ್ಟೋಕೆ ಶುರು ಮಾಡಿದ ಕೆಥೆಡ್ರಲ್ಲು, ಒಳಗೆ ಸಾನ್ ಬ್ರಿತ್ಸಿಯೊ ಚಾಪೆಲ್ಲಲ್ಲಿ ಲೂಕಾ ಸಿನ್ಯೊರೆಲ್ಲಿ ಬರೆದ ಪ್ರಳಯದ ಚಿತ್ರಗಳು, ಅದನ್ನ ನೋಡೋಕೇ ಒಂದು ಗಂಟೆ ಬೇಕು. ನೀವು ಬಾವಿಗೂ ಕೆಥೆಡ್ರಲ್ಲಿಗೂ ಊಟಕ್ಕೂ ಸೇರಿಸಿ ಅರ್ಧ ದಿನ ಕೊಟ್ಟಿದೀರಿ.

ಹಾಂ, ಬಾವಿ. ಪೊಜ್ಜೊ ದಿ ಸಾನ್ ಪತ್ರಿಜಿಯೊ. 1527ರಲ್ಲಿ ರೋಮ್ ಲೂಟಿ ಆದಾಗ ಏಳನೇ ಕ್ಲೆಮೆಂಟ್ ಪೋಪ್ ಓಡಿ ಬಂದು ಓರ್ವಿಯೆಟೊದಲ್ಲಿ ಕೂತಿದ್ದು, ಊರಿಗೆ ಮುತ್ತಿಗೆ ಬಿದ್ರೆ ನೀರಿಗೆ ಏನ್ ಮಾಡೋದು ಅಂತ ತೋಡಿಸಿದ್ದು. 53 ಮೀಟರ್ ಆಳ, ಇಳಿಯೋಕೆ ಒಂದು ಸುರುಳಿ ಹಾದಿ ಹತ್ತೋಕೆ ಇನ್ನೊಂದು, ತಳ ಬಿಟ್ರೆ ಎರಡೂ ಎಲ್ಲೂ ಸೇರಲ್ಲ, ನೀರು ಹೊರೋ ಹೇಸರಗತ್ತೆಗಳು ಎದುರುಬದುರು ಸಿಕ್ಕಿ ನಿಂತುಬಿಡಬಾರ್ದು ಅಂತ. ಸಖತ್ ತಲೆ. ಆದ್ರೆ 248 ಮೆಟ್ಲು ಇಳೀಬೇಕು, ಇಳಿದಷ್ಟೂ ಹತ್ತಬೇಕು. ಅಮ್ಮನ್ನ ಇಲ್ಲಿಗೆ ಇಳಿಸಬೇಡಿ ದಯವಿಟ್ಟು, ನೀವು ಅಪ್ಪ ಹೋಗಿ ಬನ್ನಿ, ಫ್ಯೂನಿಕುಲರ್ ಮೇಲಿನ ಸ್ಟಾಪಿನ ಪಕ್ಕಾನೇ ಇದೆ, ಅಮ್ಮ ಅಲ್ಲೇ ಪಾರ್ಕಲ್ಲಿ ಕೂತಿರ್ಲಿ.

ಬೆಟ್ಟದೂರು_ಹುಚ್ಚ:

ಅಯ್ಯೋ ಭಾನುವಾರದ ವಿಷ್ಯ ಗೊತ್ತೇ ಇರ್ಲಿಲ್ಲ, ಬದುಕಿಸಿದ್ರಿ ಚೀಲ ಅವ್ರೇ. ಖಡಕ್ ಅವ್ರೇ ನೀವ್ ಹೇಳೋದು ನ್ಯಾಯ, ಆದ್ರೆ ಆ ಸೇತುವೆ ನೋಡ್ದೆ ಬಂದ್ರೆ ಜೀವಮಾನ ಪೂರ್ತಿ ಕೊರಗ್ತೀನಿ. ಬಾಡಿಗೆ ಕಾರ್ ತಗೊಂಡ್ರೆ ಹೇಗೆ? ಭಾನುವಾರಾನೇ ಹೋಗ್ಬಹುದಲ್ಲ, ಸೂರ್ಯಾಸ್ತಾನೂ ಸಿಗುತ್ತೆ. ಇಂಡಿಯಾ ಲೈಸೆನ್ಸ್ ಇದೆ.

ಬಲಗಡೆ_ಸ್ಟೇರಿಂಗ್:

ಕಾರು ಆಗುತ್ತೆ ಬ್ರೋ, ರೋಮಿಂದ ಸುಮಾರು 120 ಕಿಮೀ, ಬಹುಪಾಲು ಹೈವೇ, ಎರಡು ಗಂಟೆ ಒಳಗೆ. ಆದ್ರೆ ಮೂರು ಮಾತು. ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು, ಇಲ್ಲಿಂದಾನೇ ಮಾಡಿಸ್ಕೊಂಡು ಹೋಗಿ, ಅಲ್ಲಿಗೆ ಹೋದ್ಮೇಲೆ ಆಗಲ್ಲ. ಎರಡು, ರೋಮ್ ನಡುವಿಂದ ಕಾರ್ ತೆಗೀಬೇಡಿ, ಜೆಡ್‌ಟಿಎಲ್ ಅಂತ ನಿರ್ಬಂಧ ಇರೋ ಬೀದಿಗಳಿವೆ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತೆ, ದಂಡದ ಕಾಗದ ತಿಂಗಳುಗಟ್ಟಲೆ ಆದ್ಮೇಲೆ ಮನೆಗೆ ಬರುತ್ತೆ. ನಂಗೆ ಹಾಗೇ ಬಂತು, ಯಾವ ಬೀದಿ ಅಂತ ಇವತ್ತಿಗೂ ನೆನಪಾಗ್ತಿಲ್ಲ. ಮೂರು, ಭಾನುವಾರ ಚಿವಿತಾಗೆ ಇಟಲಿಯವ್ರೇ ಮನೆ ಮಂದಿ ಕಟ್ಕೊಂಡು ಬರ್ತಾರೆ, ಆ ಸೇತುವೆ ಮೇಲೆ ಜಾತ್ರೆ. ಅಮ್ಮ ನಿಂತು ಸುಧಾರಿಸ್ಕೊಳ್ಳೋಕೂ ಜಾಗ ಇರಲ್ಲ. ಒಂದು ಕೆಲಸ ಮಾಡಿ, ಟ್ರೈನಲ್ಲಿ ಓರ್ವಿಯೆಟೊ ತನಕ ಹೋಗಿ, ಅಲ್ಲಿಂದ ಒಂದು ಕಡೆಗೆ ಬಸ್ಸು ಇನ್ನೊಂದು ಕಡೆಗೆ ಟ್ಯಾಕ್ಸಿ. ಮೂರು ಜನ ಇದೀರಲ್ಲ, ಮೊದಲೇ ರೇಟ್ ಮಾತಾಡ್ಕೊಂಡ್ರೆ ಮೈಮೇಲೆ ಬರಲ್ಲ.

ಕಲ್ಲು_ಮಣ್ಣು:

ಟ್ರಾನ್ಸ್‌ಪೋರ್ಟ್ ಬಗ್ಗೆ ನನ್ಹತ್ರ ಏನಿಲ್ಲ, ಆದ್ರೆ ಹೋಗೋ ಮುಂಚೆ ಇದೊಂದು ತಿಳ್ಕೊಂಡು ಹೋದ್ರೆ ಊರು ಬೇರೆ ಥರ ಕಾಣುತ್ತೆ. ಚಿವಿತಾ ಕೂತಿರೋದು ತೂಫೊ ಕಲ್ಲಿನ ಮೇಲೆ, ಅಂದ್ರೆ ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಕಲ್ಲು. ಅದರ ಕೆಳಗಿರೋದು ಜೇಡಿಮಣ್ಣು. ಮಳೆ ನೀರು, ಎರಡೂ ಬದಿಯ ತೊರೆಗಳು ಆ ಜೇಡಿನ ಕೊರೀತಾ ಹೋಗುತ್ವೆ, ಕೆಳಗೆ ಟೊಳ್ಳಾದ ಹಾಗೆ ಮೇಲಿನ ಕಲ್ಲು ಬಿರುಕು ಬಿಟ್ಟು ಅಂಚಿಂದ ಹೋಳು ಹೋಳಾಗಿ ಕಣಿವೆಗೆ ಬೀಳುತ್ತೆ. ಸಾಯ್ತಿರೋ ಊರು ಅಂತ ಅದಕ್ಕೇ ಹೆಸರು.

ಎತ್ರುಸ್ಕನ್ನರು, ಅಂದ್ರೆ ರೋಮನ್ನರಿಗಿಂತ ಮುಂಚೆ ಆ ಕಡೆ ಇದ್ದ ಜನ, ಎರಡೂವರೆ ಸಾವಿರ ವರ್ಷದ ಹಿಂದೆ ಹಾಕಿದ ಊರು. ಮೊದಲು ಇದೇ ದೊಡ್ಡ ಊರು, ಈಗಿನ ಬಾನ್ಯೊರೆಜೊ ಅದರ ಹೊರಕೇರಿ. 1695ರಲ್ಲಿ ದೊಡ್ಡ ಭೂಕಂಪ ಆಗಿ ಬಿಷಪ್ಪು, ಆಡಳಿತ, ಜನ ಎಲ್ಲಾ ಆ ಕಡೆಗೆ ದಾಟಿದ್ರು. ಸಂತ ಬೊನವೆಂಚುರಾ ಹುಟ್ಟಿದ್ದು ಇಲ್ಲೇ, 1274ರಲ್ಲಿ ತೀರ್ಕೊಂಡೋರು, ಅವರ ಮನೆ ಇದ್ದ ಜಾಗಾನೇ ಕುಸಿದು ಹೋಗಿದೆ. ನೀವು ನೋಡಿದ ಸೇತುವೆ ಮಾತ್ರ ಹಳೇದಲ್ಲ, 1965ರ ಕಾಂಕ್ರೀಟು. ಬಾಗಿಲು ದಾಟಿದ ತಕ್ಷಣ ಚೌಕದ ಕಡೆ ಓಡಬೇಡಿ, ಪಕ್ಕಕ್ಕೆ ನೋಡಿ, ಒಂದು ಅರಮನೆಯ ಮುಂದಿನ ಗೋಡೆ ಮಾತ್ರ ನಿಂತಿದೆ, ಕಿಟಕಿಯಲ್ಲಿ ಕಾಣೋದು ಕೋಣೆ ಅಲ್ಲ, ಆಕಾಶ. ಮನೆಯ ಉಳಿದ ಭಾಗ ಕಣಿವೆ ಸೇರಿ ಯಾವ ಕಾಲ ಆಯ್ತೋ. ಒಳಗೆ ಭೂಕುಸಿತದ್ದೇ ಒಂದು ಚಿಕ್ಕ ಮ್ಯೂಸಿಯಂ ಇದೆ, ಜನ ಅದನ್ನ ಬಿಟ್ಟು ಬೆಕ್ಕಿನ ಫೋಟೋ ತೆಗೀತಾರೆ.

ಬೆಟ್ಟದೂರು_ಹುಚ್ಚ:

ಕಿಟಕಿಯಲ್ಲಿ ಆಕಾಶ ಅಂದ್ರಲ್ಲ, ಅಮ್ಮಂಗೆ ಓದಿ ಹೇಳ್ದೆ, ಸುಮ್ನಾದ್ರು. ಆಮೇಲೆ "ಬೆಲ್ವೆದೆರೆ ಕಟ್ಟೆ ಮೇಲೆ ನನ್ನ ಕೂರಿಸಿ ಹೋಗ್ತೀರ ಅಂದ್ರೆ ನಾನ್ ಬರೋದೇ ಇಲ್ಲ, ಬಂದ್ರೆ ಒಳಗೆ ಬರ್ತೀನಿ" ಅಂದ್ರು. ಸೋ ಅದು ಮುಗೀತು.

ಈಗಿನ ಪ್ಲಾನ್: ಗುರುವಾರ, ಬೆಳಿಗ್ಗೆ ಬೇಗನೇ ಟ್ರೈನು, ಇಳಿದು ಸೀದಾ ಟ್ಯಾಕ್ಸಿಲಿ ಸೇತುವೆಗೆ ಹತ್ರ ಆಗೋ ಕಡೆ ತನಕ. ಗುಂಪು ಬರೋ ಮುಂಚೆ ಅಮ್ಮ ನಿಧಾನಕ್ಕೆ ಹತ್ತಲಿ. ಊಟ ಚಿವಿತಾದಲ್ಲೇ, ಮಧ್ಯಾಹ್ನದ ಬಸ್ಸಲ್ಲಿ ಓರ್ವಿಯೆಟೊ, ಕೆಥೆಡ್ರಲ್ಲು, ಬಾವಿಗೆ ಅಪ್ಪ ಒಬ್ರೇ (ನಾನು ಅಮ್ಮನ ಜೊತೆ ಐಸ್‌ಕ್ರೀಮ್). ಸೂರ್ಯಾಸ್ತ ಓರ್ವಿಯೆಟೊ ಅಂಚಿಂದಾನೇ ನೋಡ್ತೀವಿ. ಶುಕ್ರವಾರ ಯಾಕೆ ಬೇಡ ಅಂತ ಅಪ್ಪ ಕೇಳ್ತಿದಾರೆ, ನಂಗೂ ಗೊತ್ತಿಲ್ಲ, ಶುಕ್ರವಾರ ಆದ್ರೂ ಓಕೆನಾ?

ಚೀಲ_ಹೆಗಲಮ್ಯಾಲೆ:

ಗುರುವಾರಾನೇ ಇರ್ಲಿ ಬಿಡ್ರಿ. ಇಟಲಿಯಾಗ ಶುಕ್ರವಾರ ಮುಷ್ಕರ ಜಾಸ್ತಿ, "ಶೊಪೆರೊ" ಅಂತಾರ. ಟ್ರೈನ್ ಮುಷ್ಕರ ಇದ್ರೂ ವಾರದ ದಿನ ಬೆಳಿಗ್ಗೆ 6ರಿಂದ 9, ಸಂಜಿ 6ರಿಂದ 9 ಒಂದಿಷ್ಟು ಗಾಡಿ ಬಿಡ್ಲೇಬೇಕು ಅಂತ ನಿಯಮ ಅದ, ಆದ್ರ ಆ ಹಳ್ಳಿ ಬಸ್ಸು ನಂಬಿ ಕೂಡಬ್ಯಾಡ್ರಿ. ಮುಷ್ಕರ ಮೊದಲೇ ಘೋಷಣಾ ಮಾಡ್ತಾರ, ಹಿಂದಿನ ದಿನ ಒಮ್ಮೆ ನೋಡ್ಕೋರಿ.

ಇನ್ನೊಂದು ಮರ್ತಿದ್ದೆ. ಟ್ರೈನ್ ಟಿಕೆಟ್ ಕಾಗದದ್ದು ಇದ್ರ ಹತ್ತೋ ಮೊದಲು ಪ್ಲಾಟ್‌ಫಾರಂ ಮ್ಯಾಲಿನ ಮಷೀನ್‌ದಾಗ ಮುದ್ರಿ ಒತ್ತಿಸ್ರಿ, ಮೊಬೈಲ್ ಟಿಕೆಟ್ ಇದ್ರ ಚೆಕ್-ಇನ್ ಮಾಡ್ರಿ. ಮತ್ತ ಆಯಿಗೆ ನನ್ನ ನಮಸ್ಕಾರ ಹೇಳ್ರಿ. ಸೇತುವೆ ಹತ್ತಿ ಇಳಿದ ಮ್ಯಾಲೆ ಮಂಡಿ ಹೆಂಗದ ಅಂತ ಇಲ್ಲೇ ಬರೀರಿ, ನಮ್ಮವ್ವನ್ನೂ ಕರ್ಕೊಂಡು ಹೋಗೋದೈತಿ.