ಐಪಿ ಮತ್ತು ಮಾಹಿತಿ ಕಾನೂನಿನಲ್ಲಿ ಎಲ್‌ಎಲ್‌ಎಂ: ಲಂಡನ್ನಾ, ಬೆಂಗಳೂರಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಕೆಮಿಸ್ಟ್ರಿ, ಬಾಟನಿ ತಗೊಂಡು ಬಿಎಸ್ಸಿ ಮಾಡಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದ್ದೇನೆ. ಈಗ ಶಿವಮೊಗ್ಗದಲ್ಲಿ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್. ಬರುವುದೆಲ್ಲ ಪಾಲುಪಾರಿಕತ್ತು, ಚೆಕ್ ಬೌನ್ಸ್ ಕೇಸುಗಳೇ. ಹೋದ ವರ್ಷ ಚಟ್ನಿಪುಡಿ ಮಾಡಿ ಮಾರುವವರೊಬ್ಬರು ಟ್ರೇಡ್‌ಮಾರ್ಕ್ ಎಕ್ಸಾಮಿನೇಶನ್ ರಿಪೋರ್ಟ್ ಹಿಡಿದುಕೊಂಡು ಬಂದರು. ನಿಮ್ಮ ಹೆಸರು ಬರೀ ಪದಾರ್ಥವನ್ನು ವರ್ಣಿಸುತ್ತದೆ ಅಂತ 9ನೇ ಸೆಕ್ಷನ್ ಅಡಿ ತಕರಾರು, ಉತ್ತರಕ್ಕೆ 30 ದಿನ ಗಡುವು. ಹಳೇ ಬಿಲ್ಲು, ಪ್ಯಾಕೆಟ್ಟಿನ ಲೇಬಲ್ಲು, ಸಂತೆಯಲ್ಲಿ ತೆಗೆದ ಫೋಟೋ ಎಲ್ಲ ಸೇರಿಸಿ ಆ ಹೆಸರು ಇವರದ್ದೇ ಅಂತ ಜನ ಗುರುತಿಸುತ್ತಾರೆ ಎಂದು ತೋರಿಸಿ ಉತ್ತರ ಬರೆದೆ. ಅಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ. ಇದೇ ದಾರಿ ಹಿಡಿಯಬೇಕು ಅಂತಿದ್ದೇನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಐಪಿ (ಪೇಟೆಂಟ್, ಟ್ರೇಡ್‌ಮಾರ್ಕ್‌ನಂಥ ಬೌದ್ಧಿಕ ಆಸ್ತಿ) ಮತ್ತು ಮಾಹಿತಿ ಕಾನೂನು (ದತ್ತಾಂಶ, ಖಾಸಗಿತನದ ಕಾನೂನು) ಸೇರಿಸಿಯೇ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಇದೆ. ಸಾಲ ಮಾಡಿ ಹೋಗಬಹುದಾ, ಅಥವಾ ಇಲ್ಲೇ ಓದಿದರೆ ಸಾಕಾ? ಬಿಎಸ್ಸಿ ಓದಿದ್ದು ಸುಮ್ನೆ ದಂಡ ಆಯ್ತು ಅಂತ ಮನೆಯಲ್ಲಿ ಬೇರೆ ಹೇಳುತ್ತಿರುತ್ತಾರೆ.

ಜಯನಗರ ನಾಲ್ಕನೇ ಬ್ಲಾಕ್:
ಮೊದಲು ಆ ದಂಡದ ಮಾತು ಬಿಡಿ. ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ ಅದೇ. ಪೇಟೆಂಟ್ ಏಜೆಂಟ್ (ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನಡೆಸುವವರು) ಆಗುವ ಪರೀಕ್ಷೆಗೆ ಕೂರಬೇಕಾದರೆ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಬೇಕು. ಬಿಎ ಎಲ್‌ಎಲ್‌ಬಿ ಮಾಡಿದ ಎಷ್ಟೋ ಜನ ಬುದ್ಧಿವಂತರು ಆ ಬಾಗಿಲಲ್ಲೇ ನಿಲ್ಲುತ್ತಾರೆ. ಟ್ರೇಡ್‌ಮಾರ್ಕ್ ಕೆಲಸಕ್ಕೆ ನೀವು ವಕೀಲರಾಗಿದ್ದರೆ ಸಾಕು, ಬೇರೆ ಪರೀಕ್ಷೆ ಇಲ್ಲ.

ಕೆಮಿಸ್ಟ್ರಿ ಎಲ್ಲಿ ಬೇಕಾಗುತ್ತದೆ ಅಂತ ನೋಡಬೇಕಾದರೆ ನೋವಾರ್ಟಿಸ್ ತೀರ್ಪನ್ನು ಪೂರ್ತಿ ಓದಿ, ಸಾರಾಂಶ ಬೇಡ. 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು. ಕ್ಯಾನ್ಸರ್ ಔಷಧಿ ಗ್ಲಿವೆಕ್‌ಗೆ ಪೇಟೆಂಟ್ ಸಿಗಲಿಲ್ಲ, ಅಷ್ಟು ಎಲ್ಲರಿಗೂ ಗೊತ್ತು. ಯಾಕೆ ಸಿಗಲಿಲ್ಲ ಅನ್ನುವುದು ಇರುವುದು ಅದರ ಮೂಲ ರಾಸಾಯನಿಕವಾದ ಇಮ್ಯಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳು ರೂಪದಲ್ಲಿ. ಗೊತ್ತಿರುವ ಪದಾರ್ಥದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದರ ಪರಿಣಾಮ ಜಾಸ್ತಿ ಆಗಿರಬೇಕು ಎನ್ನುತ್ತದೆ ಪೇಟೆಂಟ್ ಕಾಯ್ದೆಯ 3(ಡಿ) ಸೆಕ್ಷನ್. ಔಷಧಿಯ ವಿಷಯದಲ್ಲಿ ಪರಿಣಾಮ ಅಂದರೆ ರೋಗ ವಾಸಿ ಮಾಡುವ ಗುಣ, ಪುಡಿ ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ ಅನ್ನುವುದೆಲ್ಲ ಲೆಕ್ಕಕ್ಕಿಲ್ಲ ಎಂದಿತು ಕೋರ್ಟ್. ಲ್ಯಾಬಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಒಂದೇ ಓದಿಗೆ ಹೊಳೆಯುತ್ತದೆ. ಇನ್ನು ಬಾಟನಿ: ನಮ್ಮಲ್ಲಿ ಸಸ್ಯಕ್ಕೆ ಪೇಟೆಂಟ್ ಇಲ್ಲ, ತಳಿಗಳಿಗೆ ಬೇರೆಯೇ ಕಾಯ್ದೆ ಇದೆ, 2001ರದ್ದು. ರೈತ ಬೀಜ ಉಳಿಸಿಕೊಂಡು ಬಿತ್ತುವ ಹಕ್ಕೂ ಅದರಲ್ಲೇ ಬರೆದಿದೆ. ಅದನ್ನು ಗಂಭೀರವಾಗಿ ಓದಿದ ವಕೀಲರು ತೀರಾ ಕಡಿಮೆ.

ಹಾಗಾಗಿ ನನ್ನ ಸಲಹೆ: ಮೊದಲು ಏಜೆಂಟ್ ಪರೀಕ್ಷೆ. ಎರಡು ಪೇಪರ್, ಆಮೇಲೆ ವೈವಾ. ಜೊತೆಗೇ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕುಗಳ) ಪಿಜಿ ಡಿಪ್ಲೊಮಾ ಮಾಡಿ, ಕೆಲಸ ಬಿಡಬೇಕಿಲ್ಲ. ಪೂರ್ಣಾವಧಿ ಎಲ್‌ಎಲ್‌ಎಂ ಬೇಕಾದರೆ ಕ್ಲಾಟ್ ಪಿಜಿ ಪ್ರವೇಶ ಪರೀಕ್ಷೆ ಬರೆಯಿರಿ, ಅಲ್ಲಿ ಅದು ಒಂದು ವರ್ಷದ್ದು.

ಥೇಮ್ಸ್ ದಂಡೆ ಕನ್ನಡತಿ:
ನಾನು ಲಂಡನ್ನಿನಲ್ಲಿ ಐಪಿ ಎಲ್‌ಎಲ್‌ಎಂ ಮಾಡಿದವಳು, ಕಿಂಗ್ಸ್‌ನಲ್ಲಿ ಅಲ್ಲ. ಪಾಠ ನಿಜವಾಗಿಯೂ ಚೆನ್ನಾಗಿತ್ತು. ಒಂದೇ ತೀರ್ಪನ್ನು ಹಿಡಿದು ಎರಡು ಗಂಟೆ ಜಗಳ ಆಡಿಸುತ್ತಾರೆ, ಓದದೆ ಹೋದರೆ ಬಾಯಿ ಬಿಡಲು ಆಗುವುದಿಲ್ಲ. ಆದರೆ ಒಂದು ವರ್ಷ ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗುತ್ತದೆ, ಆ ಎಲ್‌ಎಲ್‌ಎಂ ನಿಮ್ಮನ್ನು ಅಲ್ಲಿನ ಸಾಲಿಸಿಟರ್ ಮಾಡುವುದಿಲ್ಲ, ಅದಕ್ಕೆ ಎಸ್‌ಕ್ಯೂಇ ಅನ್ನುವ ಅಲ್ಲಿನ ಸಾಲಿಸಿಟರ್ ಅರ್ಹತಾ ಪರೀಕ್ಷೆ ಬೇರೆ ಬರೆಯಬೇಕು. ಓದಿದ ಮೇಲೆ ಉಳಿಯಲು ಕೊಡುವ ಎರಡು ವರ್ಷದ ವೀಸಾ ಕೂಡ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ, 18 ತಿಂಗಳಿಗೆ ಇಳಿಯುತ್ತಿದೆ. ಅಲ್ಲೇ ದುಡಿದು ಸಾಲ ತೀರಿಸುತ್ತೇನೆ ಅನ್ನುವ ಲೆಕ್ಕ ದಯವಿಟ್ಟು ಹಾಕಬೇಡಿ. ಬ್ರಿಟನ್ ಸರ್ಕಾರದ ಚೆವನಿಂಗ್ ಸ್ಕಾಲರ್‌ಶಿಪ್ ನೋಡಿ. ಅದಕ್ಕೆ 2,800 ಗಂಟೆ ಕೆಲಸದ ಅನುಭವ ಬೇಕು, ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಬಂದಿರಬೇಕು. ನಿಮಗೆ ಅದು ತೊಂದರೆಯೇ ಅಲ್ಲ ಅಲ್ವಾ?

ಹುಬ್ಬಳ್ಳಿ ಹುಡುಗ:
ಎಲ್ಲರೂ ಐಪಿ ಬಗ್ಗೆಯೇ ಹೇಳಿದರು, ಮಾಹಿತಿ ಕಾನೂನಿನ ಮಾತೇ ಬರಲಿಲ್ಲ. ಕೆಲಸ ಈಗ ಅಲ್ಲೇ ಜಾಸ್ತಿ ಬರಲಿದೆ ಅನ್ನುವುದು ನನ್ನ ನಂಬಿಕೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ದತ್ತಾಂಶ ರಕ್ಷಣೆ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆಸ್ಪತ್ರೆ, ಶಾಲೆ, ಸಣ್ಣ ಆ್ಯಪ್ ಕಂಪನಿ, ಎಲ್ಲರಿಗೂ ಇದನ್ನು ಬಿಡಿಸಿ ಹೇಳುವವರು ಬೇಕು. ಅದೂ ಕನ್ನಡದಲ್ಲಿ, ಬೆಂಗಳೂರಿನ ಆಚೆ.

ತುಂಗಾತೀರ:
ಎಲ್ಲರಿಗೂ ತುಂಬಾ ಧನ್ಯವಾದ. ಸಾಲದ ಯೋಚನೆ ಬಿಟ್ಟೆ. ಪರೀಕ್ಷೆಗೆ ಕಾಯ್ದೆಯನ್ನೇ ಓದಬೇಕಾ, ಗೈಡ್ ಸಾಕಾ?

ಜಯನಗರ ನಾಲ್ಕನೇ ಬ್ಲಾಕ್:
ಕಾಯ್ದೆ, 2003ರ ನಿಯಮಗಳು, ಪೇಟೆಂಟ್ ಕಚೇರಿಯ ಮ್ಯಾನ್ಯುಯಲ್, ಈ ಮೂರೇ. ಎರಡನೇ ಪೇಪರಿನಲ್ಲಿ ಕ್ಲೇಮ್, ಅಂದರೆ ಆವಿಷ್ಕಾರದಲ್ಲಿ ಯಾವುದಕ್ಕೆ ಹಕ್ಕು ಬೇಕು ಅಂತ ಹೇಳುವ ವಾಕ್ಯ, ಬರೆಯಬೇಕು. ಮನೆಯಲ್ಲಿರುವ ಯಾವುದಾದರೂ ವಸ್ತು ತಗೊಳ್ಳಿ, ಕುಕ್ಕರಿನ ಮುಚ್ಚಳವಾದರೂ ಸರಿ, ಅದರ ಭಾಗಗಳೇನು, ಒಂದಕ್ಕೊಂದು ಹೇಗೆ ಕೂಡುತ್ತವೆ ಅಂತ ಒಂದೇ ವಾಕ್ಯದಲ್ಲಿ ಬರೆದು ಇಲ್ಲಿ ಹಾಕಿ. ನಾನು ತಿದ್ದಿಕೊಡುತ್ತೇನೆ.