ಡಸ್ಟರ್‌ಗೆ ಎ.ಟಿ. (ಆಲ್ ಟೆರೇನ್, ಮಣ್ಣು-ಡಾಂಬರು ಎರಡಕ್ಕೂ) ಟೈರ್ ಬೇಕಾ, ಎಚ್.ಟಿ. (ಹೈವೇ ಟೆರೇನ್, ಮುಖ್ಯವಾಗಿ ಡಾಂಬರಿಗೆ) ಸಾಕಾ?

ಮೂಡಿಗೆರೆ ತೋಟದವ:
ನಮ್ಮದು ಟೂ ವೀಲ್ ಡ್ರೈವ್ (ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ) ಡಸ್ಟರ್ ಕಾರು. ಸೈಜ್ 215/65 ಆರ್16. ನಾಲ್ಕೂ ಟೈರ್ ಸವೆದಿವೆ. ಓಡಾಟ ಜಾಸ್ತಿ ಡಾಂಬರಿನಲ್ಲೇ, ಆಗಾಗ ಚಾರ್ಮಾಡಿ ಇಳಿದು ಮಂಗಳೂರಿಗೆ. ಆದರೆ ತೋಟದ ಮನೆಗೆ ಮಣ್ಣಿನ ಏರು. ಜುಲೈನಲ್ಲಿ ಬರೀ ಕೆಸರು. ಅಂಗಡಿಯವರು ಎ.ಟಿ. ಹಾಕಿಸಿ ಅನ್ನುತ್ತಾರೆ. ಸದ್ದು ಬಂದರೆ ಬಸ್ಸಿನಲ್ಲೇ ಬರುತ್ತೇನೆ ಅಂತ ಹೆಂಡತಿ ಈಗಲೇ ಹೇಳಿದ್ದಾಳೆ!

ಘಾಟಿ ಡ್ರೈವರ್:
ಅಕ್ಕ ಹೇಳಿದ್ದು ಸರಿ ಸರ್. ಎ.ಟಿ.ಯಲ್ಲಿ ಬಟನ್ (ಟೈರ್ ಮೇಲಿನ ರಬ್ಬರ್ ಉಬ್ಬು) ದೊಡ್ಡದು, ಸಂದು ಅಗಲ. ಕೆಸರಿಗೆ ಒಳ್ಳೆಯದು. ಆದರೆ ಸದ್ದು ಜಾಸ್ತಿ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹೊಡೆದರೆ ಸಾಮಾನ್ಯವಾಗಿ ಒಳ್ಳೆ ಎಚ್.ಟಿ.ಯೇ ಬೇಗ ನಿಲ್ಲುತ್ತದೆ. ಚಾರ್ಮಾಡಿ ತಿರುವಿನಲ್ಲಿ ಬೇಕಾದ್ದು ಅದೇ ಅಲ್ವಾ?

ಸಕಲೇಶಪುರ ಜೀಪ್:
ಏರು ತುಂಬಾ ಕಡಿದಾಗಿದ್ದರೆ ನನ್ನ ಓಟು ಎ.ಟಿ.ಗೇ. ಮುಂದಕ್ಕೆ ಮಾತ್ರ ಎರಡು ಹಾಕಿಸಬೇಡಿ, ಮಳೆಯಲ್ಲಿ ಹಿಂದೆ ಮುಂದೆ ಹಿಡಿತ ಬೇರೆ ಬೇರೆ ಆಗುತ್ತದೆ. ಯಾವುದೇ ತಗೊಂಡರೂ ಟೈರ್ ಪಕ್ಕದಲ್ಲಿ ಬರೆದ ತಯಾರಿ ದಿನಾಂಕದ ನಾಲ್ಕು ಅಂಕಿ ನೋಡಿ. 1825 ಅಂದರೆ 2025ರ 18ನೇ ವಾರದ ಮಾಲು. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ತಡೆಯುತ್ತದೆ ಅನ್ನುವ ಅಂಕಿ) ಕಾರು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಬೇಡ.

ಮೂಡಿಗೆರೆ ತೋಟದವ:
ಥ್ಯಾಂಕ್ಸ್. ಎಚ್.ಟಿ. ಹಾಕಿಸುತ್ತೇನೆ. ಉಳಿದ ದುಡ್ಡಿನಲ್ಲಿ ಏರಿಗೆ ಒಂದು ಲೋಡ್ ಜಲ್ಲಿ.