ಕಲ್ಲಿನ ನೋವಿಗೆ ಯಾವ ಇಂಜೆಕ್ಷನ್? ತುರ್ತು ವೈದ್ಯರಿಗೆ ಪ್ರಶ್ನೆಗಳು

ರಾತ್ರಿಪಾಳಿ: ಮೂತ್ರಪಿಂಡದ ಕಲ್ಲಿನ ನೋವು ತಾಳಲಾರದೆ ಆಸ್ಪತ್ರೆಗೆ ಓಡಿದೆ. ಅಫೀಮು ಜಾತಿಯ ಬಲವಾದ ನೋವುನಿವಾರಕ ಮಾರ್ಫಿನ್ ಕೇಳಿದರೆ, ಸಾಮಾನ್ಯ ನೋವುನಿವಾರಕ ಡೈಕ್ಲೋಫೆನಾಕ್ ಚುಚ್ಚಿದರು. ಇದೇನು ಜಿಪುಣತನ?

ವೈದ್ಯರು: ಜಿಪುಣತನವಲ್ಲ. ಕಲ್ಲು ಮೂತ್ರನಾಳಕ್ಕೆ ಅಡ್ಡ ಕೂತಾಗ ಪ್ರೊಸ್ಟಾಗ್ಲಾಂಡಿನ್ ಎಂಬ, ದೇಹವೇ ತಯಾರಿಸುವ ರಾಸಾಯನಿಕ ಹೆಚ್ಚಿ, ಮೂತ್ರಪಿಂಡಕ್ಕೆ ರಕ್ತ ನುಗ್ಗಿ, ಒಳಗಿನ ಒತ್ತಡ ಏರುತ್ತದೆ. ಡೈಕ್ಲೋಫೆನಾಕ್ ಆ ರಾಸಾಯನಿಕವನ್ನೇ ತಗ್ಗಿಸಿ ನೋವಿನ ಬುಡಕ್ಕೇ ಕೈ ಹಾಕುತ್ತದೆ. ಮಾರ್ಫಿನ್ ನೋವಿನ ಅರಿವನ್ನಷ್ಟೇ ಮಂಕಾಗಿಸುತ್ತದೆ. 2016ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಕತಾರ್‌ನ ಪ್ರಯೋಗದಲ್ಲಿ 1,645 ರೋಗಿಗಳಿದ್ದರು. ಅರ್ಧ ಗಂಟೆಯಲ್ಲಿ ನೋವು ಅರ್ಧಕ್ಕಿಳಿದದ್ದು ಡೈಕ್ಲೋಫೆನಾಕ್ ಪಡೆದವರಲ್ಲಿ ಶೇ 68, ರಕ್ತನಾಳಕ್ಕೆ ಪ್ಯಾರಾಸಿಟಮಾಲ್ ಪಡೆದವರಲ್ಲಿ ಶೇ 66, ಮಾರ್ಫಿನ್ ಪಡೆದವರಲ್ಲಿ ಶೇ 61 ಮಂದಿಗೆ.

ಹಳೆಯಕಲ್ಲು: ಎರಡು ಬಾಟಲಿ ಬಿಯರ್ ಕುಡಿಯಿರಿ, ಕಲ್ಲು ಕೊಚ್ಚಿಕೊಂಡು ಹೋಗುತ್ತದೆ. ಎಲ್ಲರಿಗೂ ಕಳುಹಿಸಿ.

ವೈದ್ಯರು: ದಯವಿಟ್ಟು ಯಾರಿಗೂ ಕಳುಹಿಸಬೇಡಿ. ನೀರಾಗಲಿ ಬಿಯರಾಗಲಿ, ನೋವಿನ ಹೊತ್ತಿನಲ್ಲಿ ಬಲವಂತವಾಗಿ ಕುಡಿದರೆ ಕಲ್ಲು ಬೇಗ ಜಾರುವುದಿಲ್ಲ.

ಹಳೆಯಕಲ್ಲು: ನನಗೆ ಜಾರಿತು!

ರಾತ್ರಿಪಾಳಿ: ಸಣ್ಣ ಕಲ್ಲು ಹೇಗೂ ಜಾರುತ್ತಿತ್ತು. ಕೀರ್ತಿ ಮಾತ್ರ ಬಿಯರಿಗೆ.

ಸದಸ್ಯ: ಮಾರ್ಫಿನ್ ಒಳ್ಳೆಯದೋ ಡೈಕ್ಲೋಫೆನಾಕೋ?

ವೈದ್ಯರು: ಮೇಲೆ ಓದಿ.

ಮಗಳು: ಅಪ್ಪನಿಗೆ 68 ವರ್ಷ, ಇರುವುದು ಒಂದೇ ಮೂತ್ರಪಿಂಡ. ನಿನ್ನೆಯಿಂದ ಪಕ್ಕೆನೋವು. ಎರಡು ಡೈಕ್ಲೋಫೆನಾಕ್ ಮಾತ್ರೆಗೆ ನೋವು ತಗ್ಗಿತ್ತು. ಈಗ ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿವೆ. ಬೆಳಗಿನಿಂದ ಮೂತ್ರವಾಗಿಲ್ಲ. ಮೂರನೆಯ ಮಾತ್ರೆ ಕೊಡಲೇ?

ವೈದ್ಯರು: ಕೊಡಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ನೋವು ತಗ್ಗಿದೆ ಎಂದು ಸಮಾಧಾನ ಪಡಬೇಡಿ. ಇರುವ ಒಂದು ಮೂತ್ರಪಿಂಡದ ದಾರಿಯೇ ಕಟ್ಟಿ, ಅದರ ಹಿಂದೆ ಸೋಂಕು ಸೇರಿದ್ದರೆ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ಡೈಕ್ಲೋಫೆನಾಕ್ ಆ ಮೂತ್ರಪಿಂಡದ ರಕ್ತದ ಹರಿವನ್ನು ಇನ್ನಷ್ಟು ತಗ್ಗಿಸುತ್ತದೆ. ಉಳಿದವರಿಗೆ ವರವಾದದ್ದು ನಿಮ್ಮ ತಂದೆಗೆ ಕೇಡು. ಅಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು, ಮೂತ್ರನಾಳಕ್ಕೆ ಸ್ಟೆಂಟ್ (ದಾರಿ ತೆರೆದಿಡುವ ಸಣ್ಣ ನಳಿಕೆ) ಇಟ್ಟೋ ಬೆನ್ನಿನಿಂದ ಕೊಳವೆ ಹಾಕಿಯೋ ಮೊದಲು ಕಟ್ಟಿದ್ದನ್ನು ಬಸಿಯಬೇಕಾಗಬಹುದು. ಕಲ್ಲು ತೆಗೆಯುವುದು ಆಮೇಲಿನ ಮಾತು. ಬಾಗಿಲಲ್ಲೇ ಹೇಳಿ: ಒಂದೇ ಮೂತ್ರಪಿಂಡ, ಚಳಿನಡುಕ, ಮೂತ್ರವಿಲ್ಲ, ಯಾವ ಮಾತ್ರೆ, ಎಷ್ಟು ಹೊತ್ತಿಗೆ.

ಹಳೆಯಕಲ್ಲು: ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕೊಟ್ಟರೆ...

ವೈದ್ಯರು: ಸಾಕು ಮಾಡಿ.

ಹಳೆಯಕಲ್ಲು: ಡಾಕ್ಟರಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ.

ಸದಸ್ಯ: ನೋವಿಗೆ ಟ್ರಮಡಾಲ್ ಔಷಧ ಕೊಟ್ಟರೆ ವಾಂತಿಯಾಗುತ್ತದೆಯೇ?

ವೈದ್ಯರು: ಅಪ್ಪನ ವಿಷಯ ಬರೆದವರು, ಹೊರಟಿರಾ?

ಮಗಳು: ಕಾರಿನಲ್ಲಿದ್ದೇವೆ. ನಡುಕ ನಿಂತಿಲ್ಲ.

ಸದಸ್ಯ: ಟ್ರಮಡಾಲ್ ಬಗ್ಗೆ ಕೇಳಿದ್ದೆ.